ನಿಲ್ಲುವವಳು

ನನ್ನ ಕೆಲಸ ನಿಲ್ಲುವುದು. ನೆಲಕ್ಕೆ ಹಳದಿ ಪಟ್ಟಿ ಅಂಟಿಸಿರುತ್ತಾರೆ. ಅದರ ಮೇಲೆ ಕಾಲಿಟ್ಟು ನಿಲ್ಲಬೇಕು. ದೀಪದವರು ದೀಪ ಸರಿಮಾಡುತ್ತಾರೆ. ಕ್ಯಾಮೆರಾದವರು ಟೇಪು ಹಿಡಿದು ನನ್ನ ಕಣ್ಣಿನವರೆಗೆ ದೂರ ಅಳೆಯುತ್ತಾರೆ. ನನ್ನ ಮೂಗಿನ ನೆರಳು ಕೆನ್ನೆಯ ಮೇಲೆ ಎಲ್ಲಿ ಬೀಳಬೇಕು ಎಂದು ನಾಲ್ಕು ಗಂಡಸರು ನನ್ನ ಮುಖದ ಮುಂದೆಯೇ ನಿಂತು ವಾದ ಮಾಡುತ್ತಾರೆ. ಒಬ್ಬನೂ ನನ್ನ ಜೊತೆ ಮಾತಾಡುವುದಿಲ್ಲ. ನಲವತ್ತು ನಿಮಿಷ, ಕೆಲವು ಸಲ ಒಂದು ಗಂಟೆ. ಬೆವರಿದರೆ ಒರೆಸಿಕೊಳ್ಳಬಾರದು, ಅಳತೆ ತಪ್ಪುತ್ತದೆ. ಮೂತ್ರಕ್ಕೆ ಹೋಗಬೇಕಾದರೆ ಕೈ ಎತ್ತಿ ಕೇಳಬೇಕು. ಇಪ್ಪತ್ತಾರು ವರ್ಷದ ಹೆಂಗಸು ನಾನು.

ಎಲ್ಲ ಸರಿಯಾದ ಮೇಲೆ ಸಹಾಯಕ ನಿರ್ದೇಶಕ ರಸ್ ಕೂಗುತ್ತಾನೆ, ಮೊದಲ ತಂಡ ಬರ್ತಿದೆ, ಎರಡನೇ ತಂಡ ಆಚೆ. ಮೊದಲ ತಂಡ ಎಂದರೆ ನಟರು. ಎರಡನೇ ತಂಡ ಎಂದರೆ ಅವರ ಬದಲು ನಿಲ್ಲುವವರು. ನಾನು ಆಚೆ ಹೋಗುತ್ತೇನೆ. ಆಬ್ರಿ ಹಾಲ್‌ಸ್ಟೆಡ್ ತನ್ನ ತಣ್ಣನೆಯ ವ್ಯಾನಿನಿಂದ ಇಳಿದು ಬಂದು ನನ್ನ ಕಾಲಿನ ಬಿಸಿ ಇನ್ನೂ ಆರದ ಪಟ್ಟಿಯ ಮೇಲೆ ಕಾಲಿಡುತ್ತಾಳೆ.

ಈ ಕೆಲಸಕ್ಕೆ ನನ್ನನ್ನು ಆರಿಸಿದ್ದಕ್ಕೆ ಕಾರಣ ನನ್ನ ಎತ್ತರ ಮತ್ತು ನನ್ನ ಚರ್ಮ. ಆಬ್ರಿ ಹಾಲು ಬಣ್ಣದ ಹುಡುಗಿ. ಅವಳು ಮಾಡುತ್ತಿದ್ದ ಪಾತ್ರ ಎಲ್ ಸಾಲ್ವಡೋರ್ ದೇಶದಿಂದ ಬಂದು ಲಾಸ್ ಏಂಜಲೀಸಿನಲ್ಲಿ ಮನೆಗೆಲಸ ಮಾಡುವವಳದ್ದು. ದಿನಾ ಬೆಳಿಗ್ಗೆ ಬಣ್ಣ ಹಚ್ಚುವವಳು ನನ್ನನ್ನು ಆಬ್ರಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ನನ್ನ ತೋಳು ಮೇಜಿನ ಮೇಲೆ ಇಡಿಸುತ್ತಿದ್ದಳು. ನನ್ನ ಮೊಣಕೈ ನೋಡಿಕೊಂಡು ಆಬ್ರಿಯ ಮುಖಕ್ಕೆ, ಕತ್ತಿಗೆ, ಕೈಗೆ ಕಂದು ಬಣ್ಣ ಸಿಂಪಡಿಸುತ್ತಿದ್ದಳು. ಅಂಗಡಿಯಲ್ಲಿ ರವಿಕೆಗೆ ದಾರ ಹೊಂದಿಸುವ ಹಾಗೆ. ಮುಗಿದ ಮೇಲೆ, ಆಯ್ತು, ತಗೋ ಎನ್ನುತ್ತಿದ್ದಳು. ನನ್ನ ತೋಳನ್ನು ನನಗೇ ವಾಪಸು ಕೊಡುತ್ತಿದ್ದಳು.

ಆ ಪಾತ್ರಕ್ಕೆ ನಾನು ನಾಲ್ಕು ಸಲ ಅಭಿನಯದ ಪರೀಕ್ಷೆ ಕೊಟ್ಟಿದ್ದೆ. ಅದನ್ನು ಹೇಳದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ.

ನನ್ನ ಹೆಸರು ನೋಹೆಮಿ ಪೋರ್ತಿಲ್ಲೋ. ಪಿಕೋ ರಸ್ತೆಯ ಹಿಂದೆ, ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯ ಮೇಲಿನ ಮಹಡಿಯಲ್ಲಿ ಅಮ್ಮನ ಜೊತೆ ಇದ್ದೇನೆ. ಅಮ್ಮನ ಹೆಸರು ಎರ್ಲಿಂಡಾ. ಇಪ್ಪತ್ತನಾಲ್ಕು ವರ್ಷದಿಂದ ಊರಿನ ಪಶ್ಚಿಮ ಭಾಗದ ದೊಡ್ಡವರ ಮನೆಗಳನ್ನು ತೊಳೆಯುತ್ತಿದ್ದಾಳೆ. ಒಂದೇ ಒಂದು ಮನೆಯ ಮುಂಬಾಗಿಲಿಂದ ಒಳಗೆ ಹೋದವಳಲ್ಲ. ನಾನು ನಾಟಕ ಕಲಿತದ್ದು ಚರ್ಚಿನ ನೆಲಮಾಳಿಗೆಯಲ್ಲಿ, ಆಮೇಲೆ ಸರ್ಕಾರಿ ಕಾಲೇಜಿನಲ್ಲಿ ಮೂರು ವರ್ಷ. ಕಲಿಸಿದವರೆಲ್ಲ ನನ್ನನ್ನು ಹೊಗಳಿದರು. ಹೊಗಳಿಕೆ ಹಿಡಿದುಕೊಂಡು ಆರು ವರ್ಷ ಅಲೆದೆ. ಕಳ್ಳಸಾಗಣೆದಾರನ ತಂಗಿ, ಆಸ್ಪತ್ರೆಯಲ್ಲಿ ಅಳುವ ಹೆಂಗಸು, ಮನೆಗೆಲಸದವಳು ಎರಡು, ಮನೆಗೆಲಸದವಳು ಮೂರು. ಒಂದಕ್ಕೂ ಬಾಯಿಲ್ಲ.

ಈ ಊರಿನಲ್ಲಿ ಬಾಯೇ ಮುಖ್ಯ. ಪರದೆಯ ಮೇಲೆ ಒಂದು ಮಾತು ಆಡಿದರೆ ನಟರ ಸಂಘ ಸೇರಲು ದಾರಿಯಾಗುತ್ತದೆ. ಸಂಘದ ಕಾರ್ಡಿಲ್ಲದವರನ್ನು ಮಾತಿರುವ ಪಾತ್ರಕ್ಕೆ ಕರೆಯುವುದಿಲ್ಲ. ಮಾತು ಆಡದವರಿಗೆ ಕಾರ್ಡು ಸಿಗುವುದಿಲ್ಲ. ಈ ಗಾಣಕ್ಕೆ ನನ್ನಂಥವರು ಸಾವಿರ ಜನ ಸುತ್ತುತ್ತಿದ್ದಾರೆ. ಅವರಲ್ಲಿ ನನಗಿಂತ ಚೆನ್ನಾಗಿ ಮಾಡುವವರು ಇದ್ದಾರೆ ಎಂದು ನನಗೆ ಗೊತ್ತು. ಆಬ್ರಿಗಿಂತ ಚೆನ್ನಾಗಿ ಮಾಡುವವರಂತೂ ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ.

ಈ ಸಿನಿಮಾಕ್ಕೆ ಮಾತ್ರ ಕಾರ್ಡಿಲ್ಲದವರನ್ನೂ ಕರೆದಿದ್ದರು. ನಿಜವಾದ ಮುಖ ಬೇಕು ಎಂದು ಬರೆದಿದ್ದರು. ನಾನು ಹೋದೆ. ಕೆಲಸ ಕಳೆದುಕೊಂಡ ಹೆಂಗಸು ಮನೆಯೊಡತಿಯ ಮುಂದೆ ನಿಂತಿರುವ ದೃಶ್ಯ ಕೊಟ್ಟರು. ಕಾಗದದಲ್ಲಿ ಇದ್ದದ್ದು ಒಂದೇ ಸಾಲು, ಅವಳು ಅಳುತ್ತಾಳೆ. ನಾನು ಅಳಲಿಲ್ಲ. ಅಮ್ಮನ ರಬ್ಬರ್ ಕೈಗವಸು ಚೀಲದಲ್ಲಿತ್ತು. ಹಸಿರು ಬಣ್ಣದ ದಪ್ಪ ಗವಸು, ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತೇಪೆ. ಅದನ್ನು ಹಾಕಿಕೊಂಡು ಅಮ್ಮ ಮಾಡಿದ್ದನ್ನು ಮಾಡಿದೆ.

ಎರಡು ವರ್ಷದ ಹಿಂದೆ ನಡೆದದ್ದು. ಅಮ್ಮನಿಗೆ ಸೊಂಟ ಹಿಡಿದಿತ್ತು, ಜೊತೆಗೆ ನಾನೂ ಕೆಲಸಕ್ಕೆ ಹೋಗಿದ್ದೆ. ಮನೆಯೊಡತಿಯ ಒಂದು ಕಿವಿಯೋಲೆ ಕಾಣಿಸಲಿಲ್ಲ. ಹನ್ನೊಂದು ವರ್ಷ ಅವಳ ಮನೆಯ ಕಕ್ಕಸು ತೊಳೆದ ನನ್ನ ಅಮ್ಮನ ಚೀಲವನ್ನು ಅವಳು ಅಡುಗೆಮನೆಯ ನೆಲಕ್ಕೆ ಸುರಿಸಿದಳು. ಊಟದ ಡಬ್ಬಿ ಬಿಚ್ಚಿಸಿದಳು. ಏನೂ ಸಿಗಲಿಲ್ಲ. ಆದರೂ ಹೊರಡು ಎಂದಳು. ಅಮ್ಮ ಹೊರಡಲಿಲ್ಲ. ಸಿಂಕಿನ ಹತ್ತಿರ ಹೋದಳು. ನಲ್ಲಿ ತಿರುಗಿಸಿದಳು. ಕೈಗವಸಿಗೆ ಸೋಪು ಹಾಕಿ ಒಂದೊಂದೇ ಬೆರಳು ತಿಕ್ಕಿದಳು. ತೊಳೆದು, ಒಳಗಿನದನ್ನು ಹೊರಗೆ ಮಾಡಿ ಮತ್ತೆ ತೊಳೆದಳು. ಒಡತಿ ಬಾಗಿಲು ತೆರೆದು ಹಿಡಿದು ಕಾಯುತ್ತಲೇ ಇದ್ದಳು. ಅಮ್ಮ ಅವಸರ ಮಾಡಲಿಲ್ಲ. ಗವಸು ಕೊಡವಿ, ಮಡಿಸಿ, ಚೀಲಕ್ಕೆ ಹಾಕಿಕೊಂಡು, ನಡಿ ಎಂದು ನನಗೆ ಹೇಳಿ ಹೊರಟಳು.

ಯಾಕೆ ತೊಳೆದೆ ಎಂದು ಬಸ್ಸಿನಲ್ಲಿ ಕೇಳಿದ್ದೆ. ಅವಳು ಹೇಳಿದಳು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ನಲ್ಲಿ ಇಲ್ಲದೆ, ನೀರಿಲ್ಲದೆ ಗವಸು ತೊಳೆಯುವಾಗ ಆ ಮಾತೊಂದೇ ನನ್ನ ತಲೆಯಲ್ಲಿತ್ತು.

ನಿರ್ದೇಶಕ ಗ್ರಾಂಟ್ ಮೆಕ್‌ಆರ್ಡಲ್ ಕಣ್ಣೊರೆಸಿಕೊಂಡ. ಮತ್ತೆ ಕರೆದರು, ಮತ್ತೆ ಮಾಡಿದೆ. ನಾಲ್ಕನೆಯ ಸಲ ಹಣ ಹಾಕುವವರ ಮುಂದೆ ಮಾಡಿದೆ. ಒಂದು ತಿಂಗಳಾದ ಮೇಲೆ ಫೋನು ಬಂತು. ನಿನ್ನ ಅಭಿನಯ ಅದ್ಭುತ, ಆದರೆ ನಿನ್ನ ಹೆಸರು ಯಾರಿಗೂ ಗೊತ್ತಿಲ್ಲ ಎಂದರು. ಗೊತ್ತಾಗುವುದಕ್ಕೇ ಅಲ್ಲವೇ ನಾನು ಬಂದದ್ದು? ಅದೇ ಫೋನಿನಲ್ಲಿ, ಆಬ್ರಿಯ ಬದಲು ನಿಲ್ಲುತ್ತೀಯಾ ಎಂದು ಕೇಳಿದರು. ಆ ಕೈಗವಸು ಇದೆಯಲ್ಲ, ಅದನ್ನೂ ತಗೊಂಡು ಬಾ, ಹಾಗೆ ಸವೆದದ್ದು ನಮಗೆ ಎಲ್ಲೂ ಸಿಗುತ್ತಿಲ್ಲ ಎಂದರು.

ನಾನು ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎಂದು ಕೇಳುವವರು ಆರು ವರ್ಷ ಅಲೆದು ಬಂದು ಕೇಳಲಿ.

ಹೊಸ ಚಿತ್ರಕಥೆ ಕೈಗೆ ಬಂದಾಗ, ಅವಳು ಅಳುತ್ತಾಳೆ ಎಂಬ ಸಾಲು ಇರಲಿಲ್ಲ. ಅಲ್ಲಿ ಅರ್ಧ ಪುಟ ಹೊಸದಾಗಿ ಬರೆದಿದ್ದರು. ಸಿಂಕು, ಸೋಪು, ಒಂದೊಂದೇ ಬೆರಳು, ಒಳಗಿನದನ್ನು ಹೊರಗೆ ಮಾಡುವುದು, ಎಲ್ಲ ಇತ್ತು. ಬರೆದವರು ಎಂಬಲ್ಲಿ ಗ್ರಾಂಟ್‌ನ ಹೆಸರು.

ಮೊದಲ ದಿನವೇ ನಾನೊಂದು ತಪ್ಪು ಮಾಡಿದೆ. ದೀಪ ಸರಿಮಾಡುವಾಗ ಬದಲು ನಿಲ್ಲುವವರು ಸಂಭಾಷಣೆಯನ್ನು ಓದಿ ಹೇಳಬೇಕು, ಕ್ಯಾಮೆರಾ ಯಾವಾಗ ತಿರುಗಬೇಕು ಎಂದು ಅವರಿಗೆ ಗೊತ್ತಾಗಲಿಕ್ಕೆ. ಆದರೆ ನಟಿಸಬಾರದು. ದಿನಸಿ ಪಟ್ಟಿ ಓದಿದ ಹಾಗೆ ಓದಬೇಕು. ಇದು ಎಲ್ಲರಿಗೂ ಗೊತ್ತಿರುವ ನಿಯಮ, ನನಗೂ ಗೊತ್ತಿತ್ತು. ಬಾಯಿ ತಡೆಯಲಿಲ್ಲ. ಮಗನಿಗೆ ಫೋನು ಮಾಡುವ ದೃಶ್ಯ ಅದು. ಎರಡು ಸಾಲು ಹೇಳುವಷ್ಟರಲ್ಲಿ ಧ್ವನಿ ತಾನಾಗಿ ಏರಿತು. ಮೇಲೆ ಏಣಿಯಲ್ಲಿದ್ದ ದೀಪದವನು ಕೆಲಸ ನಿಲ್ಲಿಸಿ ನೋಡಿದ.

ರಸ್ ಓಡಿ ಬಂದ.

"ಏನಮ್ಮಾ ಇದು? ನಿನ್ನ ಕೆಲಸ ನಿಲ್ಲೋದು. ನಟಿಸೋದಲ್ಲ. ನಟಿಸೋಕೆ ಬೇರೆಯವ್ರಿಗೆ ದುಡ್ಡು ಕೊಡ್ತಿದೀವಿ."

ನಲವತ್ತು ಜನ ನಕ್ಕರು. ಮಧ್ಯಾಹ್ನದ ಊಟದಲ್ಲೂ ಅದೇ ನಗೆ. ಊಟವೂ ಬೇರೆ ಬೇರೆಯೇ. ಮೊದಲು ನಟರು, ಆಮೇಲೆ ಸಂಘದ ಕೆಲಸಗಾರರು, ಬಿಸಿ ಮಾಂಸ, ಮೀನು, ಅನ್ನ. ಅವರದೆಲ್ಲ ಮುಗಿದ ಮೇಲೆ ಡೇರೆಯ ಹಿಂದಿನ ಮೇಜಿನಲ್ಲಿ ನಮಗೆ ತಣ್ಣಗಿನ ಬ್ರೆಡ್ಡು. ನನ್ನ ಪಕ್ಕ ಡಿಯಾಂಡ್ರಾ ಕೂರುತ್ತಿದ್ದಳು. ಮೂವತ್ತೆರಡು ವಯಸ್ಸಿನ ಕಪ್ಪು ಹೆಂಗಸು, ಷಿಕಾಗೋದ ರಂಗಭೂಮಿಯಲ್ಲಿ ರಾಣಿಯರ ಪಾತ್ರ ಮಾಡಿದವಳು, ಮಗಳನ್ನು ಒಬ್ಬಳೇ ಸಾಕುತ್ತಿದ್ದಳು. ಇಲ್ಲಿ ಒಂಬತ್ತು ವರ್ಷದಿಂದ ಯಾರ್ಯಾರದೋ ಪಟ್ಟಿಯ ಮೇಲೆ ನಿಲ್ಲುತ್ತಿದ್ದಾಳೆ. ಒಂದು ಸಿನಿಮಾದಲ್ಲಿ ಒಬ್ಬ ತಾರೆಗೆ ತನ್ನ ಅಜ್ಜಿಯ ಶೋಕದ ಹಾಡು ಕಲಿಸಿಕೊಟ್ಟಿದ್ದಳಂತೆ. ಆ ತಾರೆಗೆ ದೊಡ್ಡ ಪ್ರಶಸ್ತಿ ಬಂತಂತೆ. ಡಿಯಾಂಡ್ರಾ ಅದನ್ನು ಟೀವಿಯಲ್ಲಿ ನೋಡಿದಳಂತೆ.

"ಏನನ್ನೂ ಕೊಡ್ಬೇಡ ಕಣೇ," ಎಂದಳು ಅವಳು. "ನಿಂತ್ಕೋ, ಬ್ರೆಡ್ ತಿನ್ನು, ಮನೆಗೆ ಹೋಗು. ಕೊಟ್ರೆ ಥ್ಯಾಂಕ್ಸ್ ಅಂತಾರೆ, ನಿನ್ನ ಹೆಸರು ಕೇಳಲ್ಲ."

ನಾನು ಅವಳ ಮಾತು ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮೂರನೆಯ ವಾರ ಕೈಗವಸಿನ ದೃಶ್ಯ ಬಂತು. ನಾನು ಐವತ್ತು ನಿಮಿಷ ಸಿಂಕಿನ ಮುಂದೆ ನಿಂತೆ. ಆಬ್ರಿ ಬಂದಳು. ಗವಸು ತೊಳೆದಳು, ಅತ್ತಳು. ಗ್ರಾಂಟ್, ಅಳಬೇಡ ಎಂದ. ಅವಳು ಅಳಲಿಲ್ಲ, ಆಗ ಪಾತ್ರೆ ತೊಳೆದ ಹಾಗಾಯಿತು. ಹದಿನೇಳು ಸಲ ತೆಗೆದರು. ಅವಳ ಬೆರಳುಗಳಿಗೆ ಗವಸೇ ಗೊತ್ತಿರಲಿಲ್ಲ. ತೆಗೆಯುವಾಗ ಮಣಿಕಟ್ಟಿನಿಂದ ಎಳೆಯಬೇಕು, ಅವಳು ಬೆರಳ ತುದಿ ಹಿಡಿದು ಎಳೆಯುತ್ತಿದ್ದಳು. ಇದು ಅವಳ ದುಃಖ, ಅವಳ ಘನತೆ ಎಂದು ಗ್ರಾಂಟ್ ಗಂಟೆಗಟ್ಟಲೆ ವಿವರಿಸಿದ. ದುಃಖವಂತೆ. ಕತ್ತಲಲ್ಲಿ ನಿಂತು ಕೇಳುತ್ತಿದ್ದ ನನಗೆ ಮೈ ಉರಿಯಿತು.

ಕೊನೆಗೆ ಅವನು ನನ್ನ ಹತ್ತಿರ ಬಂದ. ಭುಜದ ಮೇಲೆ ಕೈಯಿಟ್ಟ. ಅವಳಿಗೆ ಒಂದು ಸಲ ಮಾಡಿ ತೋರಿಸು, ಆ ದಿನ ನನ್ನ ಮುಂದೆ ಮಾಡಿದೆಯಲ್ಲ ಹಾಗೆ ಎಂದ. ನಾನು ಅವನ ಕೈಯಿಂದ ಭುಜ ಬಿಡಿಸಿಕೊಂಡೆ. ಅವನು ಮೂಗಿಗೆ ತುಪ್ಪ ಸವರಿದ. ಪಾರ್ಟಿಯ ದೃಶ್ಯದಲ್ಲಿ ಇನ್ನೊಬ್ಬಳು ಕೆಲಸದವಳು ಬರುತ್ತಾಳೆ, ಅವಳಿಗೆ ಒಂದು ಮಾತಿದೆ, ಅದು ನಿನಗೆ ಎಂದ. ನಿನ್ನ ಮುಖ, ನಿನ್ನ ಧ್ವನಿ, ಪರದೆಯ ಮೇಲೆ ಎಂದ.

ಮಾತು ಇಷ್ಟೇ: ಅಮ್ಮಾವ್ರೇ, ಕಾರು ಬಂದಿದೆ.

ಮೂರು ಪದ. ಆರು ವರ್ಷದಿಂದ ನಾನು ಕಾದದ್ದು ಆ ಮೂರು ಪದಕ್ಕೆ. ನಾನು ಮಾಡಿ ತೋರಿಸಿದೆ. ಫೋನಿನಲ್ಲಿ ವಿಡಿಯೋ ತೆಗೆದುಕೊಂಡರು. ಆಬ್ರಿ ಅದನ್ನು ಮಗ್ಗಿ ಉರುಹೊಡೆಯುವ ಹಾಗೆ ನೋಡಿದಳು. ಆ ದಿನ ಹೊತ್ತಾಗಿತ್ತು, ದೃಶ್ಯವನ್ನು ಮುಂದಿನ ವಾರಕ್ಕೆ ಹಾಕಿದರು.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಕೆಳಗಿನ ಒಗೆಯುವ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದಳು. ಎದುರು ಮನೆಯವಳು ಆ ಸಂತೋಷಕ್ಕೆ ಚೀಸು ತುಂಬಿದ ಪುಪುಸಾ ರೊಟ್ಟಿ ಮಾಡಿ ಕಳಿಸಿದಳು. ಒಂದು ವಾರ ಅಮ್ಮ ನನ್ನನ್ನು ಕರೆದದ್ದೇ ಹಾಗೆ, ಅಮ್ಮಾವ್ರೇ, ಬಸ್ಸು ಬಂದಿದೆ. ಅಮ್ಮಾವ್ರೇ, ಕಸದ ಬುಟ್ಟಿ ತುಂಬಿದೆ. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿ ಬಹಳ ವರ್ಷವಾಗಿತ್ತು.

ಪಾರ್ಟಿಯ ದೃಶ್ಯದ ದಿನ ನನಗೆ ಕಪ್ಪು ಸಮವಸ್ತ್ರ ಹಾಕಿಸಿದರು. ಮೊದಲ ಸಲ ಬಣ್ಣ ಹಚ್ಚುವವಳು ನನ್ನ ಮುಖ ಮುಟ್ಟಿದಳು. ಸ್ವಲ್ಪ ಪೌಡರು, ಅಷ್ಟೇ. ನಾನು ಬಾಗಿಲ ಹತ್ತಿರದ ಪಟ್ಟಿಯ ಮೇಲೆ ನಿಂತೆ. ಈ ಪಟ್ಟಿ ನನ್ನದೇ. ಆಬ್ರಿ ಎದುರಿಗೆ ತಟ್ಟೆ ಹಿಡಿದು ನಿಂತಳು. ಗ್ರಾಂಟ್ ಪರದೆ ನೋಡಿದ. ಪಕ್ಕದವನಿಗೆ ಏನೋ ಹೇಳಿದ. ಇಬ್ಬರೂ ನನ್ನನ್ನು ನೋಡಿದರು, ಆಬ್ರಿಯನ್ನು ನೋಡಿದರು.

"ಒಂದು ತೊಂದರೆ ಆಗಿದೆ ಚಿನ್ನಾ," ಎಂದು ಗ್ರಾಂಟ್ ನನ್ನ ಹತ್ತಿರ ಬಂದ. "ನೀನು ಆಬ್ರಿ ಥರಾನೇ ಕಾಣ್ತೀಯ. ಒಂದೇ ಫ್ರೇಮಿನಲ್ಲಿ ಇಬ್ರೂ ಇದ್ರೆ ಜನಕ್ಕೆ ಗೊಂದಲ ಆಗುತ್ತೆ."

ನಾನು ಅವಳ ಥರ ಕಾಣುತ್ತೇನಂತೆ. ನಾಲ್ಕು ವಾರ ನನ್ನ ಮೊಣಕೈ ನೋಡಿ ಅವಳಿಗೆ ಬಣ್ಣ ಬಳಿದರು. ನನ್ನ ಕೂದಲಿನ ಹಾಗೆ ಅವಳಿಗೆ ವಿಗ್ ಹೆಣೆಸಿದರು. ಈಗ ನಾನು ಅವಳ ಥರ. ಆ ಮಾತನ್ನು ಯಾರಿಗೂ ಕೊಡಲಿಲ್ಲ, ತೆಗೆದೇ ಹಾಕಿದರು. ಕಾರಿನ ಹಾರ್ನ್ ಕೇಳಿಸಿದರೆ ಸಾಕಂತೆ. ನನ್ನ ಜಾಗಕ್ಕೆ ಹಾರ್ನ್ ಬಂತು.

ಸಮವಸ್ತ್ರ ಬಿಚ್ಚಿ ಕೊಟ್ಟೆ. ನನ್ನ ಬಟ್ಟೆ ಹಾಕಿಕೊಂಡೆ. ಅದೇ ಮಧ್ಯಾಹ್ನ ಊಟದ ಮೇಲೆ ರಸ್ ಕೂಗಿದ, ಎರಡನೇ ತಂಡ, ಸಿಂಕಿನ ಹತ್ತಿರ. ಕೈಗವಸಿನ ದೃಶ್ಯ ಮತ್ತೆ.

ಹೋದೆ. ಪಟ್ಟಿಯ ಮೇಲೆ ನಿಂತೆ. ದೀಪ ಹಾಕಿದರು. ಮುಖ ಸುಡುತ್ತಿತ್ತು. ಅಮ್ಮನ ಗವಸು ಸಿಂಕಿನ ಪಕ್ಕದಲ್ಲಿತ್ತು. ಆಬ್ರಿಯನ್ನು ಈ ಸಲ ಮುಂಚೆಯೇ ಕರೆದು, ಕ್ಯಾಮೆರಾದ ಪಕ್ಕ ಕುರ್ಚಿ ಹಾಕಿ ಕೂರಿಸಿದ್ದರು, ನೋಡಿ ಕಲಿಯಲಿ ಎಂದು.

"ಆವತ್ತಿನ ಥರಾನೇ ಒಂದ್ಸಲ ಮಾಡ್ಬಿಡು ಚಿನ್ನಾ," ಎಂದ ಗ್ರಾಂಟ್.

ನಾನು ಗವಸು ಹಾಕಿಕೊಂಡೆ. ನಲ್ಲಿ ತಿರುಗಿಸಿದೆ. ಸೋಪು ಹಾಕಿದೆ. ಚಿತ್ರಕಥೆಯಲ್ಲಿ ಬರೆದದ್ದನ್ನು ದಿನಸಿ ಪಟ್ಟಿ ಓದಿದ ಹಾಗೆ ಬಾಯಿಬಿಟ್ಟು ಹೇಳಿದೆ. ಈಗ ಹೆಬ್ಬೆರಳು. ಈಗ ತೋರುಬೆರಳು. ಈಗ ಮಧ್ಯದ ಬೆರಳು. ಕೈ ಆಡುತ್ತಿತ್ತು, ಮುಖದಲ್ಲಿ ಏನೂ ಇರಲಿಲ್ಲ.

ಗ್ರಾಂಟ್ ಕೈ ಎತ್ತಿದ. ಏನಾಯಿತು, ಮೈ ಸರಿಯಿಲ್ಲವಾ ಎಂದು ಕೇಳಿದ. ಇನ್ನೊಂದು ಸಲ ಎಂದ. ಇನ್ನೊಂದು ಸಲವೂ ಹಾಗೆಯೇ ಮಾಡಿದೆ. ಈಗ ಅವನ ಧ್ವನಿ ಬದಲಾಯಿತು.

"ನಾಟಕ ಮಾಡ್ತಿದೀಯಾ?"

"ಇಲ್ಲ ಸರ್. ನಾಟಕ ಮಾಡ್ತಾ ಇಲ್ಲ," ಎಂದೆ. "ನಿಲ್ಲೋದಷ್ಟೇ ನನ್ನ ಕೆಲಸ. ರಸ್ ಅವ್ರು ಮೊದಲ ದಿನಾನೇ ಹೇಳಿದಾರೆ, ಇಷ್ಟು ಜನರ ಮುಂದೆ."

ರಸ್ ನೆಲ ನೋಡಿದ. ಈ ಸಲ ಯಾರೂ ನಗಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಹಟ ಹಿಡಿದರೆ ಈ ಊರಿನಲ್ಲಿ ಬಾಳುವುದು ಕಷ್ಟ, ಜನ ಮಾತಾಡಿಕೊಳ್ಳುತ್ತಾರೆ ಎಂದು ಗ್ರಾಂಟ್ ತಗ್ಗಿದ ಧ್ವನಿಯಲ್ಲಿ ಹೇಳಿದ. ಮಾತಾಡಿಕೊಳ್ಳಲಿ ಎಂದುಕೊಂಡೆ. ಹೇಗೂ ನನ್ನ ಹೆಸರು ಯಾರಿಗೂ ಗೊತ್ತಿಲ್ಲವಲ್ಲ.

ಆಗ ಆಬ್ರಿ ಕುರ್ಚಿಯಿಂದ ಎದ್ದು ಬಂದಳು. ಕೆಟ್ಟವಳಲ್ಲ ಅವಳು. ಕೆಟ್ಟವಳಾಗಬೇಕಾದ ಪ್ರಸಂಗವೇ ಅವಳಿಗೆ ಬಂದಿಲ್ಲ. ನನ್ನ ಬಣ್ಣ ಬಳಿದ ತನ್ನ ಮುಖವನ್ನು ನನ್ನ ಮುಖದ ಹತ್ತಿರ ತಂದು ಕೇಳಿದಳು.

"ಅವಳು ಯಾಕೆ ಅದನ್ನ ತೊಳೀತಾಳೆ? ಅಷ್ಟು ಹೇಳು ಸಾಕು. ಅದು ಗೊತ್ತಾದ್ರೆ ನಾನು ಮಾಡ್ತೀನಿ."

ನಾಲ್ಕು ಪರೀಕ್ಷೆ, ನಾಲ್ಕು ವಾರ. ಆ ಪ್ರಶ್ನೆ ಕೇಳಿದ ಮೊದಲನೆಯವಳು ಅವಳೇ. ಸರಿಯಾದ ಪ್ರಶ್ನೆ. ಒಂದು ಕ್ಷಣ ನನಗೆ ಹೇಳಿಬಿಡಬೇಕು ಅನ್ನಿಸಿತು, ನಟಿಗೆ ನಟಿ ಹೇಳುವ ಹಾಗೆ. ಆಮೇಲೆ ಹಾರ್ನ್ ನೆನಪಾಯಿತು.

"ನಿಲ್ಲೋರಿಗೆ ಅದೆಲ್ಲ ಗೊತ್ತಿರಲ್ಲ," ಎಂದೆ.

ಹೊರಡು ಎಂದ ಗ್ರಾಂಟ್. ನಿನ್ನ ಕೆಲಸ ಮುಗಿಯಿತು ಎಂದ.

ನಾನು ಹೊರಡಲಿಲ್ಲ. ಗವಸು ನನ್ನದು. ಅದರ ತುಂಬ ಅವರ ಸೋಪು. ನನಗೆ ಗೊತ್ತಿಲ್ಲದೆಯೇ ಕೈ ನಲ್ಲಿಯ ಕೆಳಗೆ ಹೋಯಿತು. ಹೆಬ್ಬೆರಳಿನ ತೇಪೆಯ ಸುತ್ತ ತಿಕ್ಕಿದೆ. ಒಂದು ಬೆರಳು. ಇನ್ನೊಂದು ಬೆರಳು. ಅವಸರವಿಲ್ಲ. ಅಷ್ಟು ದೊಡ್ಡ ಜಾಗದಲ್ಲಿ ನೀರಿನ ಸದ್ದು ಒಂದೇ. ಏಣಿಯ ಮೇಲಿನವನು ಮತ್ತೆ ಕೆಲಸ ನಿಲ್ಲಿಸಿದ್ದ. ನಾನು ನಟಿಸುತ್ತಿರಲಿಲ್ಲ. ನನ್ನ ಗವಸು ತೊಳೆದುಕೊಳ್ಳುತ್ತಿದ್ದೆ.

ನೀರಿನ ಸದ್ದಿನ ನಡುವೆ ಗ್ರಾಂಟ್‌ನ ಪಿಸುಮಾತು ಕೇಳಿಸಿತು.

"ತೆಗಿ. ಕ್ಯಾಮೆರಾ ಆನ್ ಮಾಡು. ಬೇಗ."

ಕ್ಯಾಮೆರಾದ ಮೇಲಿನ ಸಣ್ಣ ಕೆಂಪು ದೀಪ ಹತ್ತಿಕೊಂಡಿತು. ಇದನ್ನೂ ತೆಗೆದಿಟ್ಟುಕೊಂಡು ಅವಳಿಗೆ ಉರುಹೊಡೆಸುತ್ತಾನೆ. ಇಲ್ಲವೇ ಕೈಯಷ್ಟನ್ನು ಕತ್ತರಿಸಿ ಅವಳ ಮುಖದ ಕೆಳಗೆ ಅಂಟಿಸುತ್ತಾನೆ. ಕೈಗೆ ಹೆಸರಿರುವುದಿಲ್ಲ.

ಬೆಳಕು ಎಲ್ಲಿ ಮುಗಿಯುತ್ತದೆ ಎಂದು ಆ ಜಾಗದಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗಂಟೆಗಟ್ಟಲೆ ಅದರೊಳಗೆ ಬೆಂದವಳು ನಾನು. ಎಡಕ್ಕೆ ಒಂದೂವರೆ ಹೆಜ್ಜೆ. ನಲ್ಲಿ ನಿಲ್ಲಿಸಿದೆ, ಒಂದೂವರೆ ಹೆಜ್ಜೆ ಇಟ್ಟೆ. ಕತ್ತಲಾಯಿತು. ಅರ್ಧ ತೊಳೆದ ಗವಸನ್ನು ಹಾಗೆಯೇ ಚೀಲಕ್ಕೆ ತುರುಕಿಕೊಂಡೆ.

ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ರಸ್ ಡಿಯಾಂಡ್ರಾಳನ್ನು ಕೂಗುತ್ತಿದ್ದ, ಸಿಂಕಿನ ಹತ್ತಿರ ಬಾ, ಬೇರೆಯವಳು ಸಿಗುವ ತನಕ ನೀನೇ ನಿಲ್ಲು ಎಂದು. ಅವಳ ಬಣ್ಣಕ್ಕೆ ಆ ದೀಪ ಹೊಂದುವುದಿಲ್ಲ. ಆದರೂ ಅವಳು ಬಂದಳು, ಪಟ್ಟಿಯ ಮೇಲೆ ನಿಂತಳು. ನನ್ನ ಕಡೆ ನೋಡಲಿಲ್ಲ. ನಾನು ಅವಳನ್ನು ಬೈಯುವುದಿಲ್ಲ. ಅವಳಿಗೆ ಮಗಳಿದ್ದಾಳೆ.

ಎರಡು ಬಸ್ಸು ಬದಲಿಸಿ ಮನೆ ಸೇರುವಷ್ಟರಲ್ಲಿ ಚೀಲದ ತಳ ನೆನೆದು ಸೀಟಿಗೆಲ್ಲ ಸೋಪು ನೀರು ಇಳಿದಿತ್ತು. ಅಮ್ಮ ಆಗಷ್ಟೇ ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದಳು. ನನ್ನನ್ನು ಕಂಡ ಕೂಡಲೇ ಕೇಳಿದಳು.

"ಅಮ್ಮಾವ್ರೇ, ಕಾರು ಬಂತಾ?"

ಬರಲಿಲ್ಲ ಎಂದೆ. ಅವಳು ಎದ್ದು ಬಂದಳು. ಚೀಲ ತೆಗೆದುಕೊಂಡಳು. ಗವಸು ಎತ್ತಿ ನೋಡಿದಳು. ಬೆರಳ ಸಂದಿಯಲ್ಲೆಲ್ಲ ನೊರೆ, ಸೆಟ್ಟಿನ ಬಣ್ಣದ ಧೂಳು.

"ಬಸ್ಸಿನಲ್ಲಿ ಆವತ್ತೇ ಹೇಳಿದ್ನಲ್ಲೇ," ಎಂದಳು. "ಅವ್ರ ಕೊಳೆ ಅವ್ರ ಮೋರಿಗೇ ಹೋಗ್ಬೇಕು. ನಮ್ಮನೆಗೆ ಯಾಕೆ ಹೊತ್ಕೊಂಡು ಬಂದೆ?"

"ಅಲ್ಲಿ ತೊಳೆಯೋಕೆ ಬಿಡ್ಲಿಲ್ಲ," ಎಂದೆ. ಆಗ ಅಳು ಬಂತು, ಸಿಟ್ಟಿನ ಅಳು. ಯಾವ ಕಾಗದದಲ್ಲೂ ಬರೆಯದಿದ್ದದ್ದು.

ಅಮ್ಮ ಸಮಾಧಾನ ಮಾಡಲಿಲ್ಲ. ಗವಸು ನನ್ನ ಕೈಗೆ ಕೊಟ್ಟು ಸಿಂಕಿನ ಕಡೆ ಗದ್ದ ಆಡಿಸಿದಳು. ತಣ್ಣೀರಿನಲ್ಲಿ ತೊಳೆದೆ. ಒಂದೊಂದೇ ಬೆರಳು, ಆಮೇಲೆ ಒಳಗಿನದನ್ನು ಹೊರಗೆ ಮಾಡಿ. ಅವಳು ಪಕ್ಕದಲ್ಲಿ ನಿಂತು, ತೇಪೆ ಹತ್ರ ಇನ್ನೂ ಇದೆ, ತಿಕ್ಕು ಎಂದಳು. ತಿಕ್ಕಿದೆ. ಕಿಟಕಿಯ ತಂತಿಗೆ ನೇತುಹಾಕಿದೆ.

"ಈಗಿನ ಒಡತಿ ಮನೇಲಿ ಕೊಟ್ಟಿದ್ದ ಗವಸು ಹರಿದುಹೋಯ್ತು ಇವತ್ತು," ಎಂದಳು ಅಮ್ಮ. "ನಾಳೆಗೆ ಇದೇ ಬೇಕು. ಒಣಗಲ್ಲ ಅನ್ಸುತ್ತೆ."

"ಒಣಗದೇ ಇದ್ರೆ?"

"ಒದ್ದೇದೇ ಹಾಕ್ಕೊಳ್ತೀನಿ ಬಿಡು."